ಸೊಂಟದ ಕತ್ತಿ, ಜೇಬಿನ ಚಾಕು

ಕತ್ತಿಯ ಚರಿತ್ರೆ ಅಂದರೆ ನಮ್ಮ ಪಾಠಪುಸ್ತಕಗಳಿಗೆ ರಾಜರ ಖಡ್ಗದ ಚರಿತ್ರೆ. ಟಿಪ್ಪುವಿನ ಕತ್ತಿ ಎಲ್ಲಿಗೆ ಹೋಯ್ತು, ಹರಾಜಿನಲ್ಲಿ ಎಷ್ಟಕ್ಕೆ ಹೋಯ್ತು ಅನ್ನೋದನ್ನ ಹೈಸ್ಕೂಲು ಹುಡುಗರೂ ಹೇಳ್ತಾರೆ. ಬೆಳಗಾದರೆ ಸೊಂಟಕ್ಕೋ ಜೇಬಿಗೋ ಸೇರುವ, ಗೇಣುದ್ದವೂ ಇಲ್ಲದ ಚಾಕುವಿನ ಚರಿತ್ರೆಯನ್ನು ಮಾತ್ರ ಯಾರೂ ಕೇಳಿದ ಹಾಗಿಲ್ಲ. ಕೇಳಬೇಕು. ಯಾಕಂದ್ರೆ ಈ ಸಣ್ಣ ಅಲಗಿನ ಮೇಲೆ ಸರ್ಕಾರಗಳು ಇಟ್ಟ ಕಣ್ಣು ಸಣ್ಣದಲ್ಲ.

ಇಂಥ ಚಾಕುವಿನಲ್ಲಿ ಎರಡು ಜಾತಿ. ಒಂದರಲ್ಲಿ ಅಲಗು ಹಿಡಿಯೊಳಗೆ ಕಚ್ಚಿ ಕೂತಿರುತ್ತದೆ, ಅಲ್ಲಾಡುವುದಿಲ್ಲ. ಅದಕ್ಕೆ ಒರೆ ಬೇಕು, ಒರೆ ಸಿಕ್ಕಿಸಲು ಸೊಂಟ ಬೇಕು, ನೋಡುವವರಿಗೆ ಅದು ಕಂಡೇ ಕಾಣುತ್ತದೆ. ಇನ್ನೊಂದು ಮಡಚುವ ಚಾಕು. ಒಂದು ಮೊಳೆಯ ಸುತ್ತ ಅಲಗು ತಿರುಗಿ ಹಿಡಿಯ ಹೊಟ್ಟೆಯೊಳಗೇ ಮಲಗಿಬಿಡುತ್ತದೆ. ಜೇಬಿಗೆ ಹಾಕ್ಕೊಂಡ್ರೆ ದೇವರಿಗೂ ಕಾಣದು.

ಕೆಲಸದ ಲೆಕ್ಕದಲ್ಲಿ ನೋಡಿದರೆ ಮೊದಲನೆಯದೇ ಗಟ್ಟಿ. ಮಡಚುವ ಚಾಕುವಿನ ಜೀವ ಇರುವುದು ಆ ಒಂದು ಮೊಳೆಯಲ್ಲಿ; ಅದು ಸಡಿಲವಾದರೆ ಅಲಗು ಆಡುತ್ತದೆ, ಒತ್ತಿದರೆ ಬೆರಳ ಮೇಲೇ ಮುಚ್ಚಿಕೊಳ್ಳಬಹುದು. ನೆತ್ತರು, ಕೊಬ್ಬು, ಮಣ್ಣು ಸಂದಿಗೆ ಹೋದರೆ ತೆಗೆಯುವುದು ಕಷ್ಟ. ಸತ್ತ ದನದ ಚರ್ಮ ಸುಲಿಯುವವನಾಗಲಿ, ರಂಪಿಗೆ ಹಿಡಿದು ತೊಗಲು ಕೊಯ್ಯುವವನಾಗಲಿ, ಮೀನು ಸೀಳುವವಳಾಗಲಿ ಮಡಚುವ ಚಾಕುವಿನ ಕಡೆ ತಿರುಗಿಯೂ ನೋಡದ್ದು ಇದಕ್ಕೇ. ಹಾಗಂತ ಮಡಚುವ ಚಾಕು ನಿನ್ನೆ ಮೊನ್ನೆಯದೂ ಅಲ್ಲ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬಲ್ಲಿ ಸಿಕ್ಕ ಒಂದಕ್ಕೆ ಎರಡೂವರೆ ಸಾವಿರ ವರ್ಷ. ರೋಮನರಲ್ಲೂ ಇತ್ತು. ಎರಡೂ ಅಷ್ಟು ಹಳೆಯವಾದರೆ, ಒಬ್ಬನ ಕತ್ತಿ ಸೊಂಟದಲ್ಲಿ ಮೆರೆಯುವುದು, ಇನ್ನೊಬ್ಬನದು ಜೇಬಿನಲ್ಲಿ ಅಡಗುವುದು ಯಾಕೆ? ಅನುಕೂಲದ ಮಾತು ಇದೆ, ಇಲ್ಲ ಅನ್ನೋದಿಲ್ಲ. ಆದರೆ ಅಲಗನ್ನು ಎಲ್ಲರ ಕಣ್ಣಿಗೂ ಕಾಣುವಂತೆ ಇಟ್ಟುಕೊಳ್ಳುವ ಹಕ್ಕು ಯಾರಿಗಿತ್ತು ಅನ್ನುವ ಪ್ರಶ್ನೆ ಅನುಕೂಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ.

ನಮ್ಮ ನೆಲದ್ದೇ ಎರಡು ಪ್ರಸಂಗ ನೋಡಿ.

1857ರಲ್ಲಿ ಕಂಪನಿ ಸರ್ಕಾರ ಹತಾರು ಇಟ್ಟುಕೊಳ್ಳಲು ಪರವಾನಗಿ ಬೇಕು ಅಂತ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಬದುಕು, ಹತಾರು ಅವರ ಮೈಯ ಒಂದು ಅಂಗ. ಕೊಡು ಅಂದರೆ ಕೈ ಕಡಿದು ಕೊಡು ಅಂದ ಹಾಗೆ. ಆ ವರ್ಷ ನವೆಂಬರ್ ಕೊನೆಗೆ ಕಂಪನಿಯ ದಂಡು ಊರ ಮೇಲೆ ಬಿತ್ತು; ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಬೇಡರನ್ನು ಗಲ್ಲಿಗೆ ಹಾಕಿದರು. ಅದರ ಲಾವಣಿಯನ್ನು ಫ್ಲೀಟ್ ಸಾಹೇಬ ಬರೆದಿಟ್ಟು ಅಚ್ಚು ಹಾಕಿಸಿದ್ದರಿಂದ ಮೇಷ್ಟ್ರುಗಳು ಈಗಲೂ ತರಗತಿಯಲ್ಲಿ ಆ ಕತೆ ಹೇಳುತ್ತಾರೆ.

ಇದಾಗಿ ನಾಲ್ಕು ವರ್ಷ ಕಳೆದಿರಲಿಲ್ಲ. 1861ರ ಫೆಬ್ರವರಿ 26ರಂದು ಮಡಿಕೇರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಒಂದು ಘೋಷಣೆ ಹೊರಡಿಸಿದ. ನಿರಾಯುಧಗೊಳಿಸುವ ಕಾಯ್ದೆ ಕೊಡವರಿಗೆ ಅನ್ವಯಿಸುವುದಿಲ್ಲ ಅಂತ. ಕಾರಣವನ್ನೂ ಮುಚ್ಚಿಡಲಿಲ್ಲ: ಅವರ ನಿಷ್ಠೆ, ಶೌರ್ಯ, ಬ್ರಿಟಿಷರಿಗೆ ಅವರು ಮಾಡಿದ ಸೇವೆ. ಹೀಗೆ ಮುಂದೆ ಚೇಲೆಯಲ್ಲಿ ಸಿಕ್ಕಿಸಿದ ಬೆಳ್ಳಿಕಟ್ಟಿನ ಪೀಚೆಕತ್ತಿಯೂ ಬೆನ್ನ ಹಿಂದೆ ತೊಡಂಗಿನಲ್ಲಿ ತೂಗುವ ಒಡಿಕತ್ತಿಯೂ ಅಂಕೆಯಿಲ್ಲದೆ ಉಳಿದವು. ಮದುವೆಯಲ್ಲಿ ಬಾಳೆದಿಂಡು ಕಡಿಯುವ ಶಾಸ್ತ್ರ ಇವತ್ತಿಗೂ ಒಡಿಕತ್ತಿಯಿಂದಲೇ ನಡೆಯುತ್ತದೆ. ಕೊಡವರ ಮೇಲೆ ನನಗೆ ಸಿಟ್ಟಿಲ್ಲ. ಕುಶಲಿಗಳು ಮಾಡಿದ ಚೆಂದದ ಕತ್ತಿ ಅದು, ನೋಡಿದರೆ ಕಣ್ಣು ತಣಿಯುತ್ತದೆ. ಆದರೆ ವಿನಾಯಿತಿ ಯಾರಿಗೆ ಹೋಯ್ತು ಅಂತ ಓದಿ: ಹುಟ್ಟಿನಿಂದ ಕೊಡವರಾದವರಿಗೆ, ಮತ್ತು ಜಮ್ಮಾ ಹಿಡುವಳಿದಾರರಿಗೆ. ಅದೇ ಜಮ್ಮಾ ಗದ್ದೆಯ ಕೆಸರಿನಲ್ಲಿ ತಲೆಮಾರುಗಟ್ಟಲೆ ಆಳಾಗಿ ದುಡಿದ ಹೊಲೆಯರೂ ಎರವರೂ ಆ ಲೆಕ್ಕದಲ್ಲಿಲ್ಲ. ಅವರ ಕೈಗೆ ಕತ್ತಿ ಕೊಟ್ಟದ್ದು ಕಾಡು ಸವರುವುದಕ್ಕೆ, ಪೈರು ಕೊಯ್ಯುವುದಕ್ಕೆ. ಹುಟ್ಟು ಮತ್ತು ಭೂಮಿ, ಇವೆರಡೇ ಅಳತೆಗೋಲು. ಕೋವಿಗೆ ಸಂಬಂಧಪಟ್ಟ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.

ಹತಾರು ಕಿತ್ತುಕೊಳ್ಳುವ ಈ ಆಟವನ್ನು ಬಿಳಿಯರಷ್ಟೇ ಆಡಿದ್ದಲ್ಲ. ಜಪಾನಿನಲ್ಲಿ ಹಿದೆಯೋಶಿ ಎಂಬ ದೊರೆ 1588ರಲ್ಲೇ ರೈತರ ಕತ್ತಿಗಳನ್ನೆಲ್ಲ ವಸೂಲು ಮಾಡಿದ. ಕರಗಿಸಿ ಬುದ್ಧನ ದೊಡ್ಡ ಮೂರ್ತಿಗೆ ಮೊಳೆ ಮಾಡಿಸ್ತೀನಿ, ನಿಮಗೇ ಪುಣ್ಯ ಅಂದ. (ಪುಣ್ಯದ ಆಸೆ ತೋರಿಸಿ ಕಸಿದುಕೊಳ್ಳುವುದು ನಮಗೇನು ಹೊಸದೆ?) 1876ರಲ್ಲಿ ಸಮುರಾಯಿಗಳೂ ಸೊಂಟದಲ್ಲಿ ಕತ್ತಿ ಸಿಕ್ಕಿಸಬಾರದು ಅಂತ ಆಜ್ಞೆಯಾಯಿತು. ಆಮೇಲೆ ಇಪ್ಪತ್ತು ವರ್ಷದೊಳಗೆ ಮಿಕಿ ಎಂಬ ಊರಿನ ಕಮ್ಮಾರರು ಮಡಿಸಿದ ತಗಡಿನ ಹಿಡಿಯ ಸಾದಾ ಚಾಕು ಒಂದನ್ನು ಮಾಡತೊಡಗಿದರು. ಸ್ಪ್ರಿಂಗಿಲ್ಲ, ಬೀಗವಿಲ್ಲ, ಅಲಗಿನ ಬುಡದ ಬಾಲವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿಯಬೇಕು, ಅಷ್ಟೆ. ಹೆಸರು ಮಾತ್ರ ಹಿಗೋನೊಕಾಮಿ, ಅಂದರೆ ಹಿಗೋ ಸೀಮೆಯ ಒಡೆಯ! ಒಡೆಯನ ಹೆಸರಿನ ಈ ಅಗ್ಗದ ಚಾಕುವನ್ನು ಶಾಲೆ ಮಕ್ಕಳು ಪೆನ್ಸಿಲು ಕೆತ್ತಲು ಜೇಬಿನಲ್ಲಿಟ್ಟುಕೊಂಡು ಓಡಾಡಿದರು. 1960ರ ಅಕ್ಟೋಬರಿನಲ್ಲಿ ಸಮಾಜವಾದಿ ಪಕ್ಷದ ನಾಯಕ ಅಸಾನುಮಾರನ್ನು ಸಭೆಯ ವೇದಿಕೆ ಮೇಲೇ ಹದಿನೇಳು ವರ್ಷದ ಬಲಪಂಥೀಯ ಹುಡುಗನೊಬ್ಬ ಇರಿದು ಕೊಂದ. ಇರಿದದ್ದು ಹಳೇ ಸಮುರಾಯಿ ಕಾಲದ ಮಾದರಿಯ ಗಿಡ್ಡ ಕತ್ತಿಯಿಂದ. ಆದರೆ ಅದರ ಬೆನ್ನಿಗೆ ಎದ್ದ ಚಳವಳಿ ‘ಮಕ್ಕಳ ಕೈಗೆ ಚಾಕು ಬೇಡ’ ಅಂತ. ಪೆನ್ಸಿಲು ಕೆತ್ತುವ ಚಾಕು ಶಾಲೆಯಿಂದ ಹೊರಬಿತ್ತು, ಮಿಕಿಯ ಕಮ್ಮಾರರ ಒಲೆ ಆರುತ್ತಾ ಬಂತು.

ನಮ್ಮಲ್ಲಿ 1878ರ ಆಯುಧ ಕಾಯ್ದೆ ಬಿಳಿಯರಿಗೆ ರಿಯಾಯಿತಿ, ಕರಿಯರಿಗೆ ಲೈಸೆನ್ಸು ಅಂತ ನಡೆಯಿತು. ಸಿಖ್ಖರು ತಮ್ಮ ಕಿರ್ಪಾಣಿಗಾಗಿ ಜೈಲಿಗೆ ಹೋಗಿ ಹೋರಾಡಿದರು. ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಗೆದ್ದು ಪಡೆದದ್ದು ಅದು, ಕಬ್ಬನ್ನನಿಂದ ಇನಾಮು ಬಂದದ್ದಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಕಾಯ್ದೆ. ಇದು ಹಳೆಯದಕ್ಕಿಂತ ವಾಸಿ ಅನ್ನಬೇಕು. ಮನೆಗೆಲಸ, ಬೇಸಾಯಕ್ಕೆಂದೇ ಮಾಡಿದ ವಸ್ತು ಆಯುಧವಲ್ಲ ಎಂದಿತು. 1962ರ ನಿಯಮಾವಳಿ ಅಳತೆ ಕೊಟ್ಟಿತು: ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇದ್ದರೆ ಮಾತ್ರ ಪಟ್ಟಿಗೆ. ಸರಿ. ಆದರೆ 1980ರ ಅಕ್ಟೋಬರಿನಲ್ಲಿ ದೆಹಲಿ ಆಡಳಿತ ಒಂದು ಅಧಿಸೂಚನೆ ಹೊರಡಿಸಿತು. ಸ್ಪ್ರಿಂಗಿನಿಂದಲೋ ಗುಂಡಿಯಿಂದಲೋ ಗರಾರಿಯಿಂದಲೋ ತೆರೆಯುವ ಚಾಕು, ಅಲಗು 7.62 ಸೆಂಟಿಮೀಟರು ಉದ್ದ, 1.72 ಸೆಂಟಿಮೀಟರು ಅಗಲ ಮುಟ್ಟಿದರೆ ಸಾಕು, ಕಾಯ್ದೆಯ ಬಲೆಗೆ. ಇಂಚಿನ ಲೆಕ್ಕದಲ್ಲಿ ಮೂರೇ ಮೂರು. ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡ್ರಪ್ಪಾ: ಮಡಚದ, ಎಂಟೂವರೆ ಇಂಚಿನ ಚೂರಿಗೆ ಲೈಸೆನ್ಸು ಬೇಡ; ಮೂರಿಂಚಿನ ಮಡಚುವ ಚಾಕುವಿಗೆ ಕೇಸು. ಇರಿಯುವ ಕಸುವು ಯಾವುದಕ್ಕೆ ಹೆಚ್ಚು ಅಂತ ಕಸಾಯಿ ಅಂಗಡಿಯ ಹುಡುಗನನ್ನ ಕೇಳಿದರೂ ಹೇಳಿಯಾನು. ಗುಂಡಿ ಒತ್ತಿದರೆ ಚಕ್ಕನೆ ತೆರೆಯುತ್ತದಲ್ಲ, ಅದು ಅಪಾಯ ಅಂತ ವಾದ ಹೂಡಬಹುದು. ಒರೆಯಿಂದ ಕತ್ತಿ ಹಿರಿಯಲು ಎಷ್ಟು ಹೊತ್ತು ಬೇಕು?

ನನ್ನ ಅನುಮಾನ ಬೇರೆ. ಮಡಚುವ ಚಾಕು ಹುಡುಕಬೇಕಾದರೆ ಜೇಬಿಗೆ ಕೈ ಹಾಕಬೇಕು. ಪೊಲೀಸಿನವನು ಯಾರ ಜೇಬಿಗೆ ಕೈ ಹಾಕುತ್ತಾನೆ? ಕಾರಿನಲ್ಲಿ ಕೂತವನದಕ್ಕಲ್ಲ, ಕೊಳೆಗೇರಿಯಿಂದ ಬಂದು ಬಸ್‌ಸ್ಟಾಂಡಿನ ಹತ್ತಿರ ನಿಂತವನದಕ್ಕೆ. ಗುಂಡಿ ಚಾಕು ಸಿಕ್ಕಿತು ಅಂತ ಪಂಚನಾಮೆ ಬರೆಯಲು ಹೆಚ್ಚಿಗೆ ಏನೂ ಬೇಡ. ಅಧಿಸೂಚನೆ ಹೇಳುವುದು ತಯಾರಿಕೆ, ಮಾರಾಟ, ಮಾರಲೆಂದು ಇಟ್ಟುಕೊಳ್ಳುವುದು ಇವುಗಳ ಬಗ್ಗೆ; ಸುಮ್ಮನೆ ಹತ್ತಿರ ಇತ್ತು ಅನ್ನುವುದಷ್ಟೇ ಅಪರಾಧಕ್ಕೆ ಸಾಲದು ಅಂತ ದೆಹಲಿ ಹೈಕೋರ್ಟು ಒಂದು ಪ್ರಕರಣ ರದ್ದುಮಾಡಿದ್ದು 2022ರಲ್ಲಿ. ನಡುವೆ ಕಳೆದದ್ದು ನಲವತ್ತೆರಡು ವರ್ಷ.

ಉತ್ತರ ಪ್ರದೇಶದ ರಾಂಪುರದ ಕತೆಯನ್ನೂ ಹೇಳಿಬಿಡುತ್ತೇನೆ. ನವಾಬರ ಕಾಲದಿಂದ ಅಲ್ಲಿನ ಕುಶಲಿಗಳು ಮಾಡುತ್ತಿದ್ದ ಉದ್ದ ಅಲಗಿನ ಮಡಚುವ ಚಾಕುವನ್ನು ಹಿಂದಿ ಸಿನಿಮಾದವರು ಎಪ್ಪತ್ತರ ದಶಕದಲ್ಲಿ ಖಳನಾಯಕನ ಕೈಗೆ ಕೊಟ್ಟರು. ‘ರಾಂಪುರಿ’ ಅಂದರೆ ಗೂಂಡಾ ಅನ್ನುವಂತಾಯಿತು. ಆಮೇಲೆ ಅಲ್ಲಿನ ಸರ್ಕಾರ ನಾಲ್ಕೂವರೆ ಇಂಚು ಮೀರಿದ ಅಲಗು ಮಾಡಕೂಡದು ಅಂತ ಕಟ್ಟು ಹಾಕಿತು. ಸಿನಿಮಾದವರು ದುಡ್ಡು ಮಾಡಿಕೊಂಡರು, ಬೀದಿಯ ಕುಶಲಿ ಒಂದೊಂದಾಗಿ ಅಂಗಡಿ ಮುಚ್ಚಿದ. 2023ರಲ್ಲಿ ಅದೇ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಎತ್ತರದ ರಾಂಪುರಿ ಚಾಕು ನಿಲ್ಲಿಸಿ ಮಂತ್ರಿ, ಅಧಿಕಾರಿಗಳ ಎದುರಿಗೆ ಉದ್ಘಾಟನೆ ಮಾಡಿದರು. ವೃತ್ತದ ಹೆಸರು ಚಾಕು ಚೌರಾಹಾ.