ಕೂರ್ವಾಸಿಯೆಯ ವಕೀಲ

ನಮ್ಮ ಊರುಗಳಲ್ಲಿ ವಕೀಲರಾದವರು ಯಾರೇ ಆಗಲಿ, ನೆಂಟರಿಷ್ಟರ ಮನೆಯ ಮದುವೆಯ ಪಂಕ್ತಿಯಲ್ಲಿ ಕುಳಿತಾಗ ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಕೊಲೆ ಮಾಡಿದವನೆಂದು ತಿಳಿದೂ ತಿಳಿದೂ ಅವನ ಪಕ್ಷವನ್ನು ಹಿಡಿದು ವಾದಿಸುವುದು ಹೇಗೆ ಸ್ವಾಮಿ, ಎಂಬುದೇ ಆ ಪ್ರಶ್ನೆ. ಇದಕ್ಕೆ ವಕೀಲರ ಬಳಿ ಸಿದ್ಧವಾದ ಉತ್ತರವೂ ಇದೆ. ಅವನು ಕೊಲೆ ಮಾಡಿದನೆಂದು ನನಗೇನು ತಿಳಿಯಿತು, ಅದನ್ನು ನಿರ್ಣಯಿಸುವುದಕ್ಕಾಗಿಯೇ ಅಲ್ಲವೆ ನ್ಯಾಯಾಧೀಶರು ಪೀಠದ ಮೇಲೆ ಕುಳಿತಿರುವುದು, ಎನ್ನುವರು. ಹದಿನೆಂಟನೆಯ ಶತಮಾನದಲ್ಲಿ ಡಾಕ್ಟರ್ ಜಾನ್ಸನ್ ತನ್ನ ಮಿತ್ರ ಬಾಸ್ವೆಲ್ಲನಿಗೆ ಕೊಟ್ಟ ಉತ್ತರವೂ ಹೆಚ್ಚುಕಡಮೆ ಇದೇ. ನೂರಕ್ಕೆ ತೊಂಬತ್ತೊಂಬತ್ತು ಪ್ರಸಂಗಗಳಲ್ಲಿ ಈ ಉತ್ತರವು ಸಾಕು. ಉಳಿದ ಒಂದು ಪ್ರಸಂಗವನ್ನು ಕುರಿತು ಈ ಹೊತ್ತು ಒಂದೆರಡು ಮಾತು ಹೇಳಬೇಕೆಂದಿದ್ದೇನೆ. ಕಕ್ಷಿಗಾರನೇ ವಕೀಲನ ಕಿವಿಯಲ್ಲಿ 'ಹೌದು, ನಾನೇ ಮಾಡಿದೆ' ಎಂದುಬಿಟ್ಟರೆ ಗತಿಯೇನು?

1840ನೆಯ ಇಸವಿಯ ಮೇ ತಿಂಗಳ 6ನೆಯ ದಿನ ಬೆಳಗ್ಗೆ, ಲಂಡನ್ ನಗರದ ಪಾರ್ಕ್ ಲೇನ್ ಸಮೀಪದ ನಾರ್ಫೋಕ್ ಬೀದಿಯ ಒಂದು ಮನೆಯಲ್ಲಿ, ಲಾರ್ಡ್ ವಿಲಿಯಮ್ ರಸಲ್ ಎಂಬ ವೃದ್ಧನು ಹಾಸಿಗೆಯ ಮೇಲೆ ಕತ್ತು ಕೊಯ್ದ ಸ್ಥಿತಿಯಲ್ಲಿ ಸತ್ತು ಬಿದ್ದಿದ್ದನು. ಅವನಿಗೆ ಆಗ ಎಪ್ಪತ್ತೆರಡು ವರ್ಷ, ಪತ್ನೀವಿಯೋಗ ಹೊಂದಿದ್ದವನು, ಮುಂದೆ ಇಂಗ್ಲೆಂಡಿನ ಪ್ರಧಾನ ಮಂತ್ರಿಯಾದ ಲಾರ್ಡ್ ಜಾನ್ ರಸಲ್ಲನಿಗೆ ಚಿಕ್ಕಪ್ಪನಾಗಬೇಕು. ಮನೆಯಲ್ಲಿ ವಾಸವಾಗಿದ್ದ ಆಳುಗಳು ಮೂವರು: ಅಡಿಗೆಯಾಕೆ, ಸಾರಾ ಮ್ಯಾನ್ಸರ್ ಎಂಬ ಮನೆಗೆಲಸದವಳು, ಸುಮಾರು ಐದು ವಾರಗಳ ಹಿಂದೆಯಷ್ಟೇ ಕೆಲಸಕ್ಕೆ ಸೇರಿದ್ದ ಫ್ರಾಂಸ್ವಾ ಬೆಂಜಮಿನ್ ಕೂರ್ವಾಸಿಯೆ ಎಂಬ ಸ್ವಿಸ್ ದೇಶದ ಪರಿಚಾರಕ. ಬೆಳಗ್ಗೆ ಮೊದಲು ಎದ್ದು ಮನೆಯು ಅಸ್ತವ್ಯಸ್ತವಾಗಿದ್ದುದನ್ನು ಕಂಡವಳು ಸಾರಾ. ಕಳ್ಳರು ನುಗ್ಗಿದರೆಂದು ತೋರುವಂತೆ ಸಾಮಾನುಗಳು ಚೆಲ್ಲಾಡಿದ್ದವು. ಆದರೆ ಬಾಗಿಲಿನ ಮೇಲಿನ ಗುರುತುಗಳು ಒಳಗಿನಿಂದಲೇ ಆದವೆಂದು ಪೋಲೀಸಿನವರು ಊಹಿಸಿದರು. ಕೆಲವು ದಿನಗಳಲ್ಲಿ ಪರಿಚಾರಕನ ಕೆಲಸದ ಕೋಣೆಯ ಗೋಡೆಯಡಿಯ ಹಲಗೆಯ ಹಿಂದೆ ಉಂಗುರ, ನಾಣ್ಯ ಮೊದಲಾದವು ಸಿಕ್ಕವು. ಅವನ ಪೆಟ್ಟಿಗೆಯಲ್ಲಿ ರಕ್ತದ ಕಲೆಯುಳ್ಳ ಕೈಗವುಸುಗಳು ಸಿಕ್ಕವು; ಆದರೆ ಅದೇ ಪೆಟ್ಟಿಗೆಯನ್ನು ಮೊದಲು ಶೋಧಿಸಿದಾಗ ಅವು ಅಲ್ಲಿ ಕಂಡಿರಲಿಲ್ಲ. ಅಪರಾಧಿಯನ್ನು ಹಿಡಿದುಕೊಟ್ಟವರಿಗೆ ದೊಡ್ಡ ಬಹುಮಾನವನ್ನು ಸಾರಿದ್ದುದರಿಂದ, ಪೋಲೀಸಿನವರೇ ಅವನ್ನು ತಂದಿಟ್ಟರೇನೋ ಎಂಬ ಸಂಶಯಕ್ಕೆ ಎಡೆಯಾಯಿತು. ಈ ಸಂಶಯವು ಆಪಾದಿತನ ವಕೀಲನಿಗೆ ನಿಧಿಯಿದ್ದಂತೆ.

ಆ ವಕೀಲನು ಚಾರ್ಲ್ಸ್ ಫಿಲಿಪ್ಸ್. ಐರ್ಲೆಂಡಿನ ಸ್ಲೈಗೋ ಪ್ರಾಂತದವನು. 1812ರಲ್ಲಿ ಅಲ್ಲಿಯೂ 1821ರಲ್ಲಿ ಇಂಗ್ಲೆಂಡಿನಲ್ಲಿಯೂ ವಕೀಲಿಗೆ ಸೇರಿದವನು. ಅವನ ಮಾತು ಪುಷ್ಪವೃಷ್ಟಿಯಂತೆ ಎಂದು ಕೆಲವರು ಹೊಗಳಿದರೆ, ಹೂವೇ ಹೆಚ್ಚಾಯಿತು, ಹಣ್ಣಿಲ್ಲ ಎಂದು ಹಾಸ್ಯ ಮಾಡಿದವರೂ ಉಂಟು. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಸ್ಥಾನದಲ್ಲಿ ಅವನಿಗೆ ದೊಡ್ಡ ಹೆಸರಿತ್ತು.

ಕಥೆಯನ್ನು ಮುಂದುವರಿಸುವ ಮೊದಲು ಅಂದಿನ ಕಾನೂನಿನ ಸ್ಥಿತಿಯನ್ನು ಹೇಳಬೇಕು. ಇಲ್ಲದಿದ್ದರೆ ಫಿಲಿಪ್ಸನ ಕಷ್ಟವು ನಮಗೆ ಅರ್ಥವಾಗದು. ಇಂಗ್ಲೆಂಡಿನಲ್ಲಿ 1836ನೆಯ ಇಸವಿಯವರೆಗೆ ಕೊಲೆ, ಕಳ್ಳತನ ಮೊದಲಾದ ಘೋರಾಪರಾಧಗಳ ವಿಚಾರಣೆಯಲ್ಲಿ ಆಪಾದಿತನ ವಕೀಲನು ಸಾಕ್ಷಿಗಳಿಗೆ ಪಾಟೀ ಸವಾಲು ಹಾಕಬಹುದಿತ್ತೇ ಹೊರತು, ಜೂರಿಯವರನ್ನು ಉದ್ದೇಶಿಸಿ ಅವನ ಪರವಾಗಿ ಮಾತನಾಡುವ ಹಕ್ಕು ಅವನಿಗೆ ಇರಲಿಲ್ಲ. ಗಲ್ಲಿಗೆ ಹೋಗಲಿರುವವನೇ, ಅಕ್ಷರ ಬಾರದ ಕೂಲಿಯವನಾಗಿದ್ದರೂ ಸರಿಯೆ, ತನ್ನ ಸಮರ್ಥನೆಯನ್ನು ತಾನೇ ಹೇಳಿಕೊಳ್ಳಬೇಕಾಗಿತ್ತು. ಐದು ರೂಪಾಯಿಯ ಸಾಲದ ವ್ಯಾಜ್ಯಕ್ಕೆ ಸಿಕ್ಕುವ ವಾಗ್ಮಿತೆಯು ಪ್ರಾಣದ ವ್ಯಾಜ್ಯಕ್ಕೆ ಸಿಕ್ಕುತ್ತಿರಲಿಲ್ಲವೆಂದರೆ ನಾವು ಇಂದು ನಂಬುವುದು ಕಷ್ಟ. 1836ರ ಶಾಸನವು ಈ ಅನ್ಯಾಯವನ್ನು ತೆಗೆದುಹಾಕಿತು. ಆದರೆ ಆಪಾದಿತನು ತಾನೇ ಪ್ರಮಾಣಮಾಡಿ ಸಾಕ್ಷ್ಯ ನುಡಿಯುವ ಅವಕಾಶವು 1898ರವರೆಗೆ ಬರಲಿಲ್ಲ. ಹೀಗೆ 1840ರಲ್ಲಿ ವಕೀಲನ ಭಾಷಣವೇ ಆಪಾದಿತನ ನಾಲಗೆಯಾಗಿತ್ತು. ಆ ನಾಲಗೆಯು ಏನನ್ನು ಆಡಬಹುದು, ಏನನ್ನು ಆಡಬಾರದು ಎಂಬುದಕ್ಕೆ ಇನ್ನೂ ಸಂಪ್ರದಾಯವು ಬೆಳೆದಿರಲಿಲ್ಲ. ಇದ್ದದ್ದು ಒಂದು ದೊಡ್ಡ ಮಾತು ಮಾತ್ರ. 1820ರಲ್ಲಿ ರಾಣಿ ಕೆರೊಲೀನಳ ಪರವಾಗಿ ವಾದಿಸುತ್ತ ಬ್ರೂಮ್ ಎಂಬ ವಕೀಲನು, ನ್ಯಾಯವಾದಿಗೆ ತನ್ನ ಕಕ್ಷಿಗಾರನ ಹೊರತು ಲೋಕದಲ್ಲಿ ಮತ್ತಾರೂ ಇಲ್ಲ, ಅವನನ್ನು ಉಳಿಸುವುದಕ್ಕಾಗಿ ಇತರರಿಗೆ ಏನು ಕೇಡಾದರೂ ಲೆಕ್ಕಿಸಕೂಡದು ಎಂಬರ್ಥದ ಮಾತನ್ನು ಆಡಿದ್ದನು. ರಾಣಿಯ ಪರವಾಗಿ ಆಡಿದಾಗ ಅದು ವೀರವಾಣಿಯಂತೆ ಕೇಳಿಸಿತು.

ಕೂರ್ವಾಸಿಯೆಯ ವಿಚಾರಣೆಯು 1840ರ ಜೂನ್ 18ರಂದು ಆರಂಭವಾಯಿತು. ಪೀಠದ ಮೇಲೆ ಮುಖ್ಯ ನ್ಯಾಯಾಧೀಶ ಟಿಂಡಲ್, ಅವನ ಪಕ್ಕದಲ್ಲಿ ಬ್ಯಾರನ್ ಪಾರ್ಕ್. ಮೊದಲ ದಿನ ಫಿಲಿಪ್ಸ್ ಸಾರಾ ಮ್ಯಾನ್ಸರಳಿಗೆ ಕಟುವಾದ ಪಾಟೀ ಸವಾಲನ್ನು ಹಾಕಿದನು. ಮನೆಯೊಳಗಿದ್ದವರಲ್ಲಿ ಪರಿಚಾರಕನಲ್ಲದಿದ್ದರೆ ಮತ್ತಾರು ಎಂಬ ಪ್ರಶ್ನೆಯು ಜೂರಿಯವರ ಮನಸ್ಸಿನಲ್ಲಿ ಏಳುವಂತೆ ಮಾಡುವುದು ಅವನ ಉದ್ದೇಶವಾಗಿತ್ತು. ಆಗ ಅವನಿಗೆ ತನ್ನ ಕಕ್ಷಿಗಾರನ ನಿರಪರಾಧದಲ್ಲಿ ನಂಬಿಕೆಯಿತ್ತು. ಆದುದರಿಂದ ಅದನ್ನು ತಪ್ಪೆನ್ನಲಾಗದು.

ಅದೇ ಹೊತ್ತಿಗೆ ಲೆಸ್ಟರ್ ಚೌಕದ ಬಳಿ ಒಂದು ಹೋಟೆಲನ್ನು ನಡಸುತ್ತಿದ್ದ ಪಿಯೊಲೇನ್ ಎಂಬಾಕೆಯು ತನ್ನಲ್ಲಿದ್ದ ಒಂದು ಕಾಗದದ ಗಂಟನ್ನು ಬಿಚ್ಚಿ ನೋಡಿದಳು. ಹಿಂದೆ ಆ ಹೋಟೆಲಿನಲ್ಲಿ ಸ್ವಲ್ಪ ಕಾಲ ಕೆಲಸಕ್ಕಿದ್ದ ಒಬ್ಬನು, ಕೊಲೆಗೆ ಕೆಲವು ದಿನಗಳ ಮೊದಲು ಬಂದು, ಇದನ್ನು ಜೋಪಾನವಾಗಿಡಿ ಎಂದು ಕೊಟ್ಟುಹೋಗಿದ್ದನು. ಆಕೆಗೆ ಅವನ ಪೂರ್ತಿ ಹೆಸರು ತಿಳಿಯದು. ಜಾನ್ ಎಂದಷ್ಟೇ ಬಲ್ಲಳು. ಗಂಟಿನೊಳಗೆ ಇದ್ದದ್ದು ರಸಲ್ಲನ ಮನೆಯ ಬೆಳ್ಳಿಯ ಪದಾರ್ಥಗಳು.

ಎರಡನೆಯ ದಿನ ಬೆಳಗ್ಗೆ, ನ್ಯಾಯಾಧೀಶರು ಬರುವ ಮೊದಲು, ಕೂರ್ವಾಸಿಯೆಯು ಫಿಲಿಪ್ಸನನ್ನೂ ಅವನ ಜೊತೆಗಾರ ವಕೀಲ ಕ್ಲಾರ್ಕ್‌ಸನ್ನನನ್ನೂ ಕಟಕಟೆಯ ಬಳಿಗೆ ಕರೆದು, ಕೊಲೆಯನ್ನು ಮಾಡಿದವನು ತಾನೇ ಎಂದು ಹೇಳಿದನು. ಹಾಗಾದರೆ ತಪ್ಪೊಪ್ಪಿಕೊಳ್ಳುವೆಯಷ್ಟೆ ಎಂದು ಫಿಲಿಪ್ಸ್ ಕೇಳಲು, ಇಲ್ಲ, ತಾವು ಕೊನೆಯವರೆಗೂ ನನ್ನ ಪರವಾಗಿ ವಾದಿಸಬೇಕು ಎಂಬುದೇ ಅವನ ಉತ್ತರವಾಯಿತು.

ಫಿಲಿಪ್ಸ್ ಕಂಗೆಟ್ಟನು. ಮೊಕದ್ದಮೆಯನ್ನು ಅಲ್ಲಿಯೇ ಬಿಟ್ಟುಬಿಡಬೇಕೆಂಬುದು ಅವನ ಮೊದಲ ಸಂಕಲ್ಪ. ಆದರೆ ವಿಚಾರಣೆಯ ನಡುವೆ ವಕೀಲನು ಎದ್ದುಹೋದರೆ ಜೂರಿಯವರಿಗೆ ಮತ್ತೆ ಯಾವ ಸಾಕ್ಷ್ಯ ಬೇಕು? ಅವನ ಬೆನ್ನೇ ತೀರ್ಪನ್ನು ಹೇಳಿದಂತಾಗುತ್ತಿತ್ತು. ಕ್ಲಾರ್ಕ್‌ಸನ್ನನ ಸಲಹೆಯಂತೆ ಇಬ್ಬರೂ ಬ್ಯಾರನ್ ಪಾರ್ಕನ ಕೊಠಡಿಗೆ ಹೋಗಿ ವಿಷಯವನ್ನು ತಿಳಿಸಿದರು. ಈ ಮಾತನ್ನು ತನಗೆ ಹೇಳಿದ್ದು ಪಾರ್ಕನಿಗೆ ಹಿಡಿಸಲಿಲ್ಲ. ಆದರೂ ಕೇಳಿದ ಮೇಲೆ ಉತ್ತರ ಕೊಡಲೇಬೇಕಾಯಿತು: ಕಕ್ಷಿಗಾರನು ಬಯಸುತ್ತಿರುವುದರಿಂದ ಬಿಡಕೂಡದು; ಸಾಕ್ಷ್ಯದಿಂದ ಹೊರಡುವ ನ್ಯಾಯವಾದ ವಾದಗಳನ್ನೆಲ್ಲ ಮಂಡಿಸಬೇಕು ಎಂದನು.

ಆ ದಿನ ಪಿಯೊಲೇನ್ ಸಾಕ್ಷ್ಯ ನುಡಿದಾಗ, ಆಕೆಯ ಹೋಟೆಲಿನಲ್ಲಿ ಜೂಜು ನಡೆಯುತ್ತದೆಯೇ ಎಂದು ಮೊದಲಾಗಿ ಕೇಳಿ ಫಿಲಿಪ್ಸ್ ಆಕೆಯ ಮರ್ಯಾದೆಯನ್ನು ಸಂಶಯಕ್ಕೆ ಗುರಿಮಾಡಿದನು. ಆಕೆ ಹೇಳುತ್ತಿರುವುದು ಸತ್ಯವೆಂದು ಕೇಳುವವನಿಗೇ ತಿಳಿದಿತ್ತು. ಮಾರನೆಯ ದಿನ ಸುದೀರ್ಘವಾದ ಭಾಷಣ. ಪೋಲೀಸಿನವರು ಬಹುಮಾನದ ಆಶೆಗೆ ಬಿದ್ದರೆಂದು ಆರೋಪಿಸಿದನು. ಮನೆಗೆಲಸದವಳ ಮೇಲೆ ತಾನು ತಪ್ಪು ಹೊರಿಸುವುದಿಲ್ಲವೆಂದು ಬಾಯಲ್ಲಿ ಹೇಳಿದರೂ, ಆಕೆಯ ನಡತೆಯನ್ನು ಜೂರಿಯವರು ಸಂದೇಹದಿಂದ ನೋಡುವಂತೆ ಮಾತನ್ನು ಹೆಣೆದನು. ದೇವರ ಹೆಸರನ್ನು ಎತ್ತಿ, ಕೊಲೆ ಮಾಡಿದವರಾರೆಂಬುದು ಸರ್ವಜ್ಞನಿಗೇ ಗೊತ್ತು ಎಂಬಂತೆ ಆಡಿದನು. ಜೂರಿಯವರು ಇದಾವುದಕ್ಕೂ ಮರುಳಾಗಲಿಲ್ಲ. ಕೂರ್ವಾಸಿಯೆಗೆ ಮರಣದಂಡನೆಯಾಯಿತು. ಜುಲೈ 6ರಂದು ನ್ಯೂಗೇಟ್ ಸೆರೆಮನೆಯ ಮುಂದೆ, ಸುಮಾರು 40,000 ಜನರ ಕಣ್ಣೆದುರಿಗೆ ಅವನನ್ನು ಗಲ್ಲಿಗೇರಿಸಿದರು. ಆ ಗುಂಪಿನಲ್ಲಿ ಡಿಕನ್ಸನೂ ಥ್ಯಾಕರೆಯೂ ಇದ್ದರು. ಥ್ಯಾಕರೆಯು ತಾನು ಕಂಡದ್ದರಿಂದ ನಾಚಿ ಅದೇ ವರ್ಷ ಒಂದು ಪ್ರಬಂಧವನ್ನೇ ಬರೆದನು.

ಕಕ್ಷಿಗಾರನು ವಕೀಲನಲ್ಲಿ ಮೊದಲೇ ಒಪ್ಪಿಕೊಂಡಿದ್ದನೆಂಬ ಸುದ್ದಿಯು ಹೊರಬಿದ್ದೊಡನೆ ಪತ್ರಿಕೆಗಳು ಫಿಲಿಪ್ಸನ ಮೇಲೆ ಎರಗಿದವು. ಡಿಕನ್ಸನು ಗುಪ್ತನಾಮದಿಂದ ಪತ್ರ ಬರೆದು ಖಂಡಿಸಿದನು. ಫಿಲಿಪ್ಸ್ ಬಹುಕಾಲ ಬಾಯಿ ಬಿಡಲಿಲ್ಲ. ಒಂಬತ್ತು ವರ್ಷಗಳಾದ ಮೇಲೆ, 1849ರಲ್ಲಿ ಅಪವಾದವು ಪುನಃ ತಲೆಯೆತ್ತಲು, ಸ್ಯಾಮ್ಯುಯಲ್ ವಾರನ್ ಎಂಬ ಮಿತ್ರನ ಒತ್ತಾಯದಿಂದ 'ಟೈಮ್ಸ್' ಪತ್ರಿಕೆಯಲ್ಲಿ ತನ್ನ ಸಮಾಧಾನವನ್ನು ಪ್ರಕಟಿಸಿದನು. ಸಾರಾಳಿಗೆ ಸವಾಲು ಹಾಕಿದ್ದು ತಪ್ಪೊಪ್ಪಿಗೆಯ ಮೊದಲು. ಭಾಷಣದಲ್ಲಿ ಆಕೆಯನ್ನು ತಾನು ದೂಷಿಸಲಿಲ್ಲ. ಕಕ್ಷಿಗಾರನು ನಿರಪರಾಧಿಯೆಂದು ದೇವರ ಮೇಲೆ ಆಣೆಯಿಟ್ಟದ್ದಂತೂ ಇಲ್ಲವೇ ಇಲ್ಲ. ಗುಟ್ಟನ್ನು ತಿಳಿದು ಎಚ್ಚರದಿಂದ ಕೇಳುತ್ತಿದ್ದ ಪಾರ್ಕನೇ ಇದಕ್ಕೆ ಸಾಕ್ಷಿ ಎಂಬುದು ಅವನ ಸಮರ್ಥನೆ.

ಜನರು ಅವನನ್ನು ಬೈದದ್ದು ಮುಖ್ಯವಾಗಿ ಕೊಲೆಗಾರನ ಪಕ್ಷವನ್ನು ಬಿಡಲಿಲ್ಲವೆಂದು. ನನ್ನ ಅಭಿಪ್ರಾಯದಲ್ಲಿ ಅವನು ಸರಿಯಾಗಿ ನಡೆದುಕೊಂಡದ್ದು ಆ ಒಂದು ವಿಷಯದಲ್ಲಿಯೇ. ತಪ್ಪಿದ ಸ್ಥಳಗಳು ಬೇರೆ. ಮೊದಲನೆಯದು, ಬ್ಯಾರನ್ ಪಾರ್ಕನ ಕೊಠಡಿಗೆ ಹೋದದ್ದು. ಇದನ್ನು ಅಂದಿನ ಟೀಕಾಕಾರರು ಅಷ್ಟಾಗಿ ಗಮನಿಸಿದಂತೆ ಕಾಣುವುದಿಲ್ಲ. ಕಕ್ಷಿಗಾರನು ಆ ಮಾತನ್ನು ಹೇಳಿದ್ದು ವಕೀಲನಿಗೆ, ನ್ಯಾಯಾಧೀಶನಿಗಲ್ಲ. ಆ ಗಳಿಗೆಯಿಂದ ಪೀಠದ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನು, ಸಾಕ್ಷ್ಯದಲ್ಲಿ ಇಲ್ಲದ ಸಂಗತಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಾಣದ ವ್ಯಾಜ್ಯವನ್ನು ಕೇಳಬೇಕಾಯಿತು. ತಕ್ಕಡಿಯಲ್ಲಿ ಕಣ್ಣಿಗೆ ಕಾಣದ ಕಲ್ಲೊಂದನ್ನು ಇಟ್ಟಂತಾಯಿತು. ಪಾರ್ಕನು ಸಿಡುಕಿದ್ದು ಸ್ವಭಾವದಿಂದಲ್ಲ, ಧರ್ಮದಿಂದ ಎಂದು ನಾನು ತಿಳಿಯುತ್ತೇನೆ.

ನಮ್ಮ ದೇಶದ ಕಾನೂನು ಈ ಅಂಶದಲ್ಲಿ ಬಹು ಸ್ಪಷ್ಟವಾಗಿದೆ. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಶಾಸನದ 126ನೆಯ ಪ್ರಕರಣವು, ಕಕ್ಷಿಗಾರನ ಸ್ಪಷ್ಟವಾದ ಒಪ್ಪಿಗೆಯಿಲ್ಲದೆ ಅವನು ಹೇಳಿದ್ದನ್ನು ವಕೀಲನು ಎಂದಿಗೂ ಹೊರಗೆಡಹಕೂಡದೆಂದು ವಿಧಿಸಿತು. ಮುಂದೆ ಮಾಡಲಿರುವ ಅಪರಾಧಕ್ಕೆ ನೆರವು ಕೇಳಿದ ಮಾತಿಗೆ ಮಾತ್ರ ಈ ರಕ್ಷೆಯಿಲ್ಲ. ಆ ಪ್ರಕರಣದ ಕೆಳಗೆ ಒಂದು ಉದಾಹರಣೆಯಿದೆ. ಒಬ್ಬನು ವಕೀಲನ ಬಳಿಗೆ ಬಂದು, ನಾನು ಖೋಟಾ ದಸ್ತಾವೇಜನ್ನು ಮಾಡಿದ್ದೇನೆ, ನನ್ನ ಪರವಾಗಿ ವಾದಿಸಿರಿ ಎನ್ನುತ್ತಾನೆ. ತಪ್ಪಿತಸ್ಥನೆಂದು ತಿಳಿದವನ ಪರವಾಗಿ ವಾದಿಸುವುದು ಅಪರಾಧದ ಉದ್ದೇಶವಲ್ಲವಾದುದರಿಂದ ಆ ಮಾತು ರಕ್ಷಿತವಾದದ್ದು, ಎಂದು ಅದರ ತಾತ್ಪರ್ಯ. ಖೋಟಾ ಎಂಬ ಕಡೆ ಕೊಲೆ ಎಂದು ಓದಿಕೊಂಡರೆ ಓಲ್ಡ್ ಬೇಲಿಯ ಕಟಕಟೆಯೇ ಕಣ್ಣಮುಂದೆ ನಿಲ್ಲುತ್ತದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ನಿಯಮವನ್ನು ಉಳಿಸಿಕೊಂಡಿದ್ದಾರೆ. 1961ರ ವಕೀಲರ ಶಾಸನದ ಮೇರೆಗೆ ಭಾರತೀಯ ವಕೀಲರ ಪರಿಷತ್ತು ಮಾಡಿರುವ ನಡತೆಯ ನಿಯಮಗಳಾದರೋ, ಆಪಾದಿತನು ತಪ್ಪಿತಸ್ಥನೋ ಅಲ್ಲವೋ ಎಂಬ ತನ್ನ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ವಕೀಲನು ಅವನ ಪರವಾಗಿ ನಿಲ್ಲಬೇಕೆಂದೂ, ಸಾಕಷ್ಟು ಸಾಕ್ಷ್ಯವಿಲ್ಲದೆ ಯಾರಿಗೂ ಶಿಕ್ಷೆಯಾಗಕೂಡದೆಂಬ ಕಾನೂನಿಗೆ ಅವನ ನಿಷ್ಠೆಯು ಸಲ್ಲುವುದೆಂದೂ ಹೇಳುತ್ತವೆ. ಬ್ರೂಮನ ಮಾತಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಅಲ್ಲಿ ನಿಷ್ಠೆಯು ಕಕ್ಷಿಗಾರನೊಬ್ಬನಿಗೆ, ಇಲ್ಲಿ ಕಾನೂನಿಗೆ.

ಎರಡನೆಯ ತಪ್ಪು ಆ ಇಬ್ಬರು ಹೆಂಗಸರ ವಿಷಯದಲ್ಲಿ ನಡೆದದ್ದು. ಸರ್ಕಾರದ ಸಾಕ್ಷ್ಯವು ಸಾಲದು ಎನ್ನುವುದು ಒಂದು. ಸತ್ಯವನ್ನು ಹೇಳುತ್ತಿರುವವಳೆಂದು ತಿಳಿದೂ ಆಕೆಯ ಮಾನಕ್ಕೆ ಕೈಹಚ್ಚುವುದು ಬೇರೊಂದು. ತಪ್ಪೊಪ್ಪಿಗೆಯ ಮೊದಲು ಸಾರಾಳಿಗೆ ಹಾಕಿದ ಸವಾಲನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು, ನಿಜ. ಆದರೆ ಮೂರನೆಯ ದಿನದ ಭಾಷಣದಲ್ಲಿ ಆಕೆಯನ್ನು ಅವಳ ಪಾಡಿಗೆ ಬಿಡಬಹುದಾಗಿತ್ತು. ಬಿಟ್ಟಿದ್ದರೆ ವಾದವು ಕುಗ್ಗುತ್ತಿತ್ತು ಎಂದರೆ, ಹೌದು, ಕುಗ್ಗುತ್ತಿತ್ತು. ಅದೊಂದು ಬಡ ಹೆಂಗಸು. ಕೊಲೆಯಾದ ಮನೆಯಲ್ಲಿ ಮಲಗಿದ್ದಳೆಂಬುದರ ಹೊರತು ಆಕೆಯ ಮೇಲೆ ಯಾವ ಆಧಾರವೂ ಇರಲಿಲ್ಲ. ಜೂರಿಯವರು ಫಿಲಿಪ್ಸನ ಮಾತನ್ನು ನಂಬಿಬಿಟ್ಟಿದ್ದರೆ ನಾರ್ಫೋಕ್ ಬೀದಿಯ ಆ ಮನೆಯಿಂದ ಮುಂದೆ ಕಟಕಟೆಗೆ ಬರಬೇಕಾದವರು ಯಾರು ಎಂಬುದನ್ನು ಅವನು ಯೋಚಿಸಿದನೋ ಇಲ್ಲವೋ.

ಇಂಗ್ಲೆಂಡಿನ ವಕೀಲರ ಪರಿಷತ್ತು ಈ ಗಂಟನ್ನು ಬಿಡಿಸಿದ್ದು 1915ರಲ್ಲಿ. ವಿಚಾರಣೆಯ ನಡುವೆ ಕಕ್ಷಿಗಾರನು ಒಪ್ಪಿಕೊಂಡು, ಬಿಟ್ಟುಹೋದರೆ ಅವನಿಗೆ ಹಾನಿಯಾಗುವಂತಿದ್ದರೆ, ವಕೀಲನು ಮುಂದುವರಿಯತಕ್ಕದ್ದು. ನ್ಯಾಯಸ್ಥಾನಕ್ಕೆ ಅಧಿಕಾರವಿಲ್ಲವೆನ್ನಬಹುದು, ಆಪಾದನೆಯ ರೂಪವು ಸರಿಯಿಲ್ಲವೆನ್ನಬಹುದು, ಸಾಕ್ಷ್ಯವು ಅಂಗೀಕಾರಾರ್ಹವಲ್ಲವೆನ್ನಬಹುದು, ಸಾಲದೆನ್ನಬಹುದು. ಸುಳ್ಳೆಂದು ತಾನು ಬಲ್ಲ ಸಾಕ್ಷ್ಯವನ್ನು ತರಕೂಡದು. ಅಪರಾಧವನ್ನು ಮತ್ತೊಬ್ಬರು ಮಾಡಿದರೆಂದು ಸೂಚಿಸಲೂ ಕೂಡದು.

ಫಿಲಿಪ್ಸ್ 1842ರಲ್ಲಿ ವಕೀಲಿಯನ್ನು ಬಿಟ್ಟು ಲಿವರ್‌ಪೂಲಿನಲ್ಲಿ ದಿವಾಳಿಯ ವ್ಯವಹಾರಗಳನ್ನು ನೋಡುವ ಅಧಿಕಾರಿಯಾದನು. ಕಡೆಗಾಲದಲ್ಲಿ ಮರಣದಂಡನೆಯನ್ನು ತೆಗೆದುಹಾಕಬೇಕೆಂದು ಒಂದು ಪುಸ್ತಕವನ್ನು ಬರೆದನು. 1859ರಲ್ಲಿ ತೀರಿಕೊಂಡನು.