ಹಾಡು ನಿಂತ ಮಧ್ಯಾಹ್ನ: ರೇಡಿಯೋ ಮಾತು ರಾಜಕೀಯ ಆಗಿದ್ದು ಹೇಗೆ?



ಇವತ್ತಿನ ಎಪಿಸೋಡ್ ಶುರು ಮಾಡೋಕೆ ಮುಂಚೆ ನನ್ನದೇ ಲೆಕ್ಕ ಸ್ವಲ್ಪ ಹೇಳ್ಬೇಕು. ಕಳೆದ ತಿಂಗಳು ಎರಡು ಎಪಿಸೋಡ್ ಹಾಕಿದ್ದೆ. ಒಂದು ಮಂಗಳೂರು ಹಂಚಿನ ಕಥೆ. ಅದಕ್ಕೆ ಮೂರು ವಾರ ಓದಿದ್ದೆ, ಎರಡು ಸಲ ಮಂಗಳೂರಿಗೆ ಹೋಗಿ ಬಂದಿದ್ದೆ. ಇನ್ನೊಂದು 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಗ್ಗೆ. ಅದನ್ನ ನಾಲ್ಕೇ ದಿನದಲ್ಲಿ ಮುಗಿಸಿದ್ದೆ, ಮಧ್ಯೆ ಮಧ್ಯೆ ರಾಜಕಾರಣಿಗಳನ್ನ ಚೆನ್ನಾಗಿ ಕಿಚಾಯಿಸಿದ್ದೆ ಕೂಡ. ಎರಡನೆಯದನ್ನ ಕೇಳಿದವರು ಹಂಚಿನ ಕಥೆ ಕೇಳಿದವರ ನಾಲ್ಕು ಪಟ್ಟು. ಜಾಹೀರಾತು ಕೊಡಿಸೋ ಪರಿಚಯದವನೊಬ್ಬ ಫೋನ್ ಮಾಡಿದ. "ಗುರು, ಹಂಚು ಬಿಡು, ಜಗಳ ಹಿಡಿ. ವಾರಕ್ಕೆರಡು ಪೊಲಿಟಿಕಲ್ ಮಾಡು, ಸ್ಪಾನ್ಸರ್ ನಾನು ತರ್ತೀನಿ" ಅಂದ.

ನಾನು ಓದಿದ್ದು ಬಿಕಾಂ. ಇಂಥ ಮಾತು ಕೇಳಿದ ತಕ್ಷಣ ತಲೇಲಿ ಖರ್ಚು, ಆದಾಯ ಅಂತ ಎರಡು ಕಾಲಂ ತೆರ್ಕೊಳ್ಳುತ್ತೆ. ಆದರೆ ಅವನಿಗೆ ಉತ್ತರ ಕೊಡೋಕೆ ಮುಂಚೆ ಒಂದು ಕುತೂಹಲ ಹುಟ್ಟಿತು. ಮೈಕ್ ಮುಂದೆ ಕೂತು ಮಾತಾಡೋದನ್ನೇ ಕಸುಬು ಮಾಡ್ಕೊಂಡವರು ನನಗಿಂತ ಮೊದಲು ಈ ದಾರಿ ಹಿಡಿದಿದ್ದು ಹೇಗೆ? ಹುಡುಕ್ತಾ ಹೋಗಿ ನಾನು ನಿಂತಿದ್ದು ಅಮೆರಿಕದ ರೇಡಿಯೋದಲ್ಲಿ, 1982ರ ಮೇ 10ರ ಮಧ್ಯಾಹ್ನ 12 ಗಂಟೆಗೆ.

ಆ ದಿನ ನ್ಯೂಯಾರ್ಕಿನ ಡಬ್ಲ್ಯುಎಬಿಸಿ ಸ್ಟೇಷನ್ ಹಾಡು ಹಾಕೋದನ್ನ ನಿಲ್ಲಿಸಿತು. ಇದು ಸಣ್ಣಪುಟ್ಟ ಸ್ಟೇಷನ್ ಅಲ್ಲ. 50,000 ವ್ಯಾಟ್ ಎಎಂ, ರಾತ್ರಿ ಹೊತ್ತು ಎಷ್ಟೋ ರಾಜ್ಯಗಳಿಗೆ ಕೇಳ್ತಿತ್ತು. 1960ರ ದಶಕದಲ್ಲಿ ಅಲ್ಲಿನ ಹುಡುಗ ಹುಡುಗಿಯರು ಪಾಪ್ ಹಾಡು ಕಲಿತಿದ್ದೇ ಅದರಿಂದ. ಕೊನೆಗೆ ಹಾಕಿದ ಹಾಡು ಜಾನ್ ಲೆನನ್ ಅವರ 'ಇಮ್ಯಾಜಿನ್'. ಆಮೇಲೆ ಬರೀ ಮಾತು.

ಕಾರಣ ರಾಜಕೀಯ ಅಲ್ಲ, ಎಫ್‌ಎಂ. ಎಎಂ ಅಲೆ ದೂರ ಹೋಗುತ್ತೆ, ಆದರೆ ಕರಕರ ಸದ್ದು. ಎಫ್‌ಎಂ ಹತ್ತಿರಕ್ಕಷ್ಟೇ, ಆದರೆ ಸ್ವಚ್ಛ, ಅದೂ ಸ್ಟೀರಿಯೋ. 1970ರ ದಶಕದ ಕೊನೆಯ ಹೊತ್ತಿಗೆ ಸಂಗೀತ ಕೇಳೋರು ಎಫ್‌ಎಂಗೆ ಗುಳೆ ಹೋಗಿದ್ದರು. ಎಎಂ ಮಾಲೀಕರ ಹತ್ತಿರ ಉಳಿದಿದ್ದು ಎತ್ತರದ ಟವರು, ಬೆಲೆಬಾಳೋ ಲೈಸೆನ್ಸು. ಹಾಕೋಕೆ ಏನೂ ಇಲ್ಲ. ಕರಕರ ಸದ್ದಿನಲ್ಲೂ ಅರ್ಥ ಆಗೋದು ಒಂದೇ, ಮನುಷ್ಯರ ಮಾತು.

ಹಾಗಂತ ಆ ಮಾತೆಲ್ಲ ರಾಜಕೀಯ ಅಂದ್ಕೋಬೇಡಿ. ಶುರುವಿನಲ್ಲಿ ಅದು ನಮ್ಮೂರ ಅರಳಿಕಟ್ಟೆ ಥರ ಇತ್ತು. ಅಡುಗೆ, ಗಂಡ ಹೆಂಡತಿ ಸಮಸ್ಯೆ, ಬೇಸ್‌ಬಾಲ್, ಹಾರುವ ತಟ್ಟೆ, ಎಲ್ಲಾ ಬರೋದು. 1945ರಲ್ಲಿ ನ್ಯೂಯಾರ್ಕಿನ ಬ್ಯಾರಿ ಗ್ರೇ ಅನ್ನೋ ನಿರೂಪಕ ಒಂದು ರಾತ್ರಿ ಬೇಜಾರಾಗಿ, ಬಂದ ಫೋನಿನ ರಿಸೀವರನ್ನೇ ಮೈಕಿಗೆ ಹಿಡಿದ, ಫೋನ್-ಇನ್ ಹುಟ್ಟಿದ್ದೇ ಹಾಗೆ ಅಂತ ಕಥೆ ಹೇಳ್ತಾರೆ. 1978ರಿಂದ ಲ್ಯಾರಿ ಕಿಂಗ್ ದೇಶಕ್ಕೆಲ್ಲ ಕೇಳೋ ಹಾಗೆ ಮಧ್ಯರಾತ್ರಿಯ ಕಾರ್ಯಕ್ರಮ ನಡೆಸ್ತಿದ್ದರು. ನಿದ್ದೆ ಬರದವರು, ಲಾರಿ ಡ್ರೈವರ್‌ಗಳು ಅದಕ್ಕೆ ಕರೆ ಮಾಡೋರು.

ರಾಜಕೀಯವನ್ನ ಸ್ವಲ್ಪ ದೂರ ಇಟ್ಟಿದ್ದು ಒಂದು ನಿಯಮ. ಫೇರ್‌ನೆಸ್ ಡಾಕ್ಟ್ರಿನ್ ಅಂತ ಅದರ ಹೆಸರು. 1949ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ತಂದಿದ್ದು. ಅದು ಎರಡು ಮಾತು ಹೇಳ್ತಿತ್ತು. ಊರಿಗೆ ಸಂಬಂಧಿಸಿದ ವಿವಾದದ ವಿಷಯಗಳನ್ನ ಸ್ಟೇಷನ್ ಚರ್ಚಿಸಲೇಬೇಕು. ಚರ್ಚಿಸಿದರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಪ್ರತಿ ನಿಮಿಷಕ್ಕೆ ಪ್ರತಿ ನಿಮಿಷ ಕೊಡಬೇಕು ಅಂತ ನಿಯಮ ಇರಲಿಲ್ಲ. ಚುನಾವಣಾ ಅಭ್ಯರ್ಥಿಗಳಿಗೆ ಸಮಾನ ಅವಕಾಶ ಅನ್ನೋದು ಬೇರೆ ಕಾನೂನು, ಅದು ಈಗಲೂ ಇದೆ. 1969ರಲ್ಲಿ ಪೆನ್ಸಿಲ್ವೇನಿಯಾದ ರೆಡ್ ಲಯನ್ ಅನ್ನೋ ಪುಟ್ಟ ಊರಿನ ಸ್ಟೇಷನ್ನಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನ ಎತ್ತಿ ಹಿಡಿಯಿತು. ಅಲೆಗಳು ಕಡಿಮೆ, ಲೈಸೆನ್ಸ್ ಸಿಕ್ಕವರು ಅದನ್ನ ಸ್ವಂತ ಆಸ್ತಿ ಅಂದ್ಕೋಬಾರದು, ಇದು ಅದರ ತಿರುಳು. ಸ್ಟೇಷನ್ ಮ್ಯಾನೇಜರ್‌ಗೆ ಮಾತ್ರ ಇದರಲ್ಲಿ ಕಾಣ್ತಿದ್ದದ್ದು ವಕೀಲರ ಫೀಸು. ಯಾಕಪ್ಪಾ ತಂಟೆ, ಅಡುಗೆ ಕಾರ್ಯಕ್ರಮಾನೇ ಇರಲಿ ಅನ್ನೋರು ಬಹಳ ಜನ.

ನಿಯಮ ಇದ್ದಾಗ ಎಲ್ಲ ಶಾಂತವಾಗಿತ್ತಾ? ಇಲ್ಲ. ಡೆನ್ವರ್‌ನ ಕೆಒಎ ಸ್ಟೇಷನ್ನಿನಲ್ಲಿ ಆಲನ್ ಬರ್ಗ್ ಅಂತ ಒಬ್ಬರಿದ್ದರು. ಮೊದಲು ವಕೀಲರು. ಯಹೂದಿ, ಉದಾರವಾದಿ, ಬಾಯಿ ಬಹಳ ಹರಿತ. ಜನಾಂಗದ್ವೇಷಿಗಳು ಕರೆ ಮಾಡಿದರೆ ಲೈನ್ ಕಟ್ ಮಾಡ್ತಿರಲಿಲ್ಲ, ನೇರ ಪ್ರಸಾರದಲ್ಲೇ ಅವರ ಜೊತೆ ಜಗಳಕ್ಕೆ ನಿಲ್ಲೋರು. 1984ರ ಜೂನ್ 18ರ ರಾತ್ರಿ ಕಾರಿನಿಂದ ಇಳಿದು ಮನೆಗೆ ಹೋಗಬೇಕಾದರೆ 'ದಿ ಆರ್ಡರ್' ಅನ್ನೋ ಬಿಳಿಯ ಜನಾಂಗವಾದಿ ಗುಂಪಿನವರು ಗುಂಡಿಟ್ಟು ಕೊಂದರು. ನಾನು ಇದನ್ನ ಓದಿದ್ದು ರಾತ್ರಿ ಒಂದು ಗಂಟೆಗೆ. ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೈಕಿನಲ್ಲಿ ಆಡಿದ ಮಾತು ಕೆಲವರ ಕಿವಿಯಲ್ಲಿ ಎಷ್ಟು ದಿನ ಉಳಿಯುತ್ತೆ ಅಂತ ಮಾತಾಡೋನಿಗೆ ಗೊತ್ತೇ ಆಗಲ್ಲ.

ಅದೇ 1984ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದ ಕೆಎಫ್‌ಬಿಕೆ ಸ್ಟೇಷನ್ನಿಗೆ ಹೊಸಬರೊಬ್ಬರು ಸೇರಿದರು. ರಶ್ ಲಿಂಬಾ. ಮಿಸೌರಿಯವರು, ವಕೀಲರ ಮಗ, ಕಾಲೇಜು ಅರ್ಧಕ್ಕೇ ಬಿಟ್ಟಿದ್ದರು. ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರಿಟ್ಕೊಂಡು ಹಾಡು ಹಾಕೋ ಡಿಜೆ ಕೆಲಸ ಮಾಡಿ, ಪದೇ ಪದೇ ಕೆಲಸ ಕಳ್ಕೊಂಡಿದ್ದರು. ಮಧ್ಯೆ ಐದು ವರ್ಷ ಒಂದು ಬೇಸ್‌ಬಾಲ್ ತಂಡದಲ್ಲಿ ಟಿಕೆಟ್ ಮಾರಾಟದ ಕೆಲಸ. ಅಂದ್ರೆ ರಾಜಕೀಯ ಪಂಡಿತ ಅಲ್ಲ, ಹಾಡಿನ ರೇಡಿಯೋದಲ್ಲಿ ಸೋತ ಮನುಷ್ಯ. ಸ್ಯಾಕ್ರಮೆಂಟೊದಲ್ಲಿ ಡಿಜೆ ವಿದ್ಯೆ ಎಲ್ಲವನ್ನೂ ರಾಜಕೀಯಕ್ಕೆ ಹಾಕಿದರು. ಜಿಂಗಲ್, ಅಣಕು ಹಾಡು, ಬೇಕೆಂದೇ ಮಾಡೋ ಮೌನ, ಪೇಪರ್ ಸರಪರ ಸದ್ದು, ತನ್ನನ್ನೇ ಹೊಗಳಿಕೊಳ್ಳೋ ತಮಾಷೆ. ಅವರ ಅಭಿಪ್ರಾಯಗಳಲ್ಲಿ ಎಷ್ಟೋ ನನಗೆ ಒಪ್ಪಿಗೆ ಇಲ್ಲ, ಕೆಲವು ಜೋಕು ಕೇಳಿದರೆ ಮೈ ಉರಿಯುತ್ತೆ. ಆದರೆ ಹಳೇ ರೆಕಾರ್ಡಿಂಗ್ ಕೇಳಿದಾಗ ಒಂದು ಒಪ್ಪಲೇಬೇಕು, ಕಸುಬು ಗೊತ್ತಿದ್ದ ಮನುಷ್ಯ.

1987ರ ಆಗಸ್ಟ್ 4ಕ್ಕೆ ಎಫ್‌ಸಿಸಿ ಫೇರ್‌ನೆಸ್ ಡಾಕ್ಟ್ರಿನ್ ಕೈಬಿಟ್ಟಿತು. ಅದನ್ನ ಕಾನೂನು ಮಾಡೋಕೆ ಸಂಸತ್ತು ಪಾಸ್ ಮಾಡಿದ್ದ ಮಸೂದೆಗೆ ಜೂನ್‌ನಲ್ಲೇ ಅಧ್ಯಕ್ಷ ರೇಗನ್ ವೀಟೋ ಹಾಕಿದ್ದರು. (ರೇಗನ್ ಕೂಡ ಹಳೇ ರೇಡಿಯೋ ಅನೌನ್ಸರ್ರೇ, ಇರಲಿ.) ಒಂದು ವರ್ಷ ಕಳೆದು 1988ರ ಆಗಸ್ಟ್ 1ಕ್ಕೆ ಲಿಂಬಾ ಕಾರ್ಯಕ್ರಮ ನ್ಯೂಯಾರ್ಕಿನಿಂದ ದೇಶಕ್ಕೆಲ್ಲ ಶುರುವಾಯಿತು. 56 ಸ್ಟೇಷನ್. ಅದಕ್ಕೆ ಸ್ಟುಡಿಯೋ ಎಲ್ಲಿ ಗೊತ್ತಾ? ಹಾಡು ನಿಲ್ಲಿಸಿದ್ದ ಅದೇ ಡಬ್ಲ್ಯುಎಬಿಸಿ.

ಎಲ್ಲರೂ ಇಲ್ಲಿಗೇ ಕಥೆ ಮುಗಿಸ್ತಾರೆ. ನಿಯಮ ಹೋಯ್ತು, ರಾಜಕೀಯ ಬಂತು ಅಂತ. ನನಗೆ ಅದು ಅರ್ಧ ಉತ್ತರ ಅನ್ಸುತ್ತೆ. ನಿಯಮ ಇದ್ದಾಗಲೇ ಈ ಮನುಷ್ಯ ಸ್ಯಾಕ್ರಮೆಂಟೊದಲ್ಲಿ ಗೆದ್ದಿದ್ದರಲ್ಲ? ಉಳಿದರ್ಧ ಉತ್ತರ ಲೆಡ್ಜರ್‌ನಲ್ಲಿದೆ.

ನೀವೇ ಒಂದು ಸಣ್ಣ ಊರಿನ ಎಎಂ ಸ್ಟೇಷನ್ ಮ್ಯಾನೇಜರ್ ಅಂದ್ಕೊಳ್ಳಿ. ಹಗಲು ಹೊತ್ತಿನ ಕೇಳುಗರು ಕಮ್ಮಿ. ಆ ಹೊತ್ತಿಗೆ ಸ್ಥಳೀಯ ನಿರೂಪಕರೊಬ್ಬರು, ಅವರ ಜೊತೆ ಫೋನ್ ಎತ್ತೋ ಹುಡುಗಿ, ಇಬ್ಬರಿಗೂ ಸಂಬಳ. ಆಗ ಎಡ್ ಮೆಕ್‌ಲಾಫ್ಲಿನ್ ಅನ್ನೋರು ಬರ್ತಾರೆ. ಎಬಿಸಿ ರೇಡಿಯೋದ ಮಾಜಿ ಅಧ್ಯಕ್ಷರು, ಲಿಂಬಾ ಕಾರ್ಯಕ್ರಮವನ್ನ ಊರೂರಿಗೆ ಕೊಡ್ತಿದ್ದವರು. ಕಾರ್ಯಕ್ರಮ ತಗೊಳ್ಳಿ, ದುಡ್ಡು ಬೇಡ ಅಂತಾರೆ. ಉಪಗ್ರಹದಿಂದ ನೇರ ಬರುತ್ತೆ, ಒಂದು ಡಿಶ್ ಇದ್ದರೆ ಸಾಕು. ಬದಲಿಗೆ ಗಂಟೆಯಲ್ಲಿ ಇಷ್ಟು ಜಾಹೀರಾತು ನಿಮಿಷ ನಮ್ಮದು, ಉಳಿದಿದ್ದು ನಿಮ್ಮದು, ನಿಮ್ಮೂರಿನ ಅಂಗಡಿಗಳಿಗೆ ಮಾರ್ಕೊಳ್ಳಿ. ನಮ್ಮ ಕಾಮರ್ಸ್ ಪಾಠದಲ್ಲಿ ಬಾರ್ಟರ್ ಅಂತ ಓದಿದ್ವಲ್ಲ, ಅದೇ. ಖರ್ಚಿನ ಕಾಲಂನಲ್ಲಿ ಸೊನ್ನೆ. ಆ ಮ್ಯಾನೇಜರ್ ಜಾಗದಲ್ಲಿ ನಾನಿದ್ದಿದ್ದರೂ ಸಹಿ ಹಾಕ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಜೊತೆಗೆ ಆಗ ದೂರದ ಫೋನ್ ಕರೆ ಅಗ್ಗ ಆಗ್ತಿತ್ತು, ಉಚಿತ 800 ನಂಬರ್ ಇತ್ತು. ಯಾವ ರಾಜ್ಯದಿಂದ ಬೇಕಾದರೂ ಕೇಳುಗರು ಕರೆ ಮಾಡಬಹುದಿತ್ತು. ಲಿಂಬಾ ಕೂಡ ಇದನ್ನ ಮುಚ್ಚಿಡಲಿಲ್ಲ. ಹೆಚ್ಚು ಜನರನ್ನ ಸೇರಿಸಿ ಜಾಹೀರಾತಿಗೆ ಭಾರೀ ದರ ಹಾಕೋದೇ ನನ್ನ ಕೆಲಸ ಅಂತ ಹೇಳ್ಕೊಳ್ಳೋರು.

ಸಂಬಳ ಉಳಿಯಿತು ಅಂದ್ನಲ್ಲ, ಉಳಿದಿದ್ದು ಸ್ಥಳೀಯ ನಿರೂಪಕರದ್ದು. ಅವರ ಶಕ್ತಿ ಏನು ಅಂತ 1989ರ ಶುರುವಿನಲ್ಲಿ ಕಂಡಿತ್ತು. ಸಂಸದರ ಸಂಬಳ 51% ಏರಿಸೋ ಪ್ರಸ್ತಾಪ ಬಂದಾಗ ಡೆಟ್ರಾಯಿಟ್, ಬಾಸ್ಟನ್ ಅಂತ ಊರೂರಿನ ನಿರೂಪಕರು ಸೇರಿಕೊಂಡು, ಟೀ ಬ್ಯಾಗ್ ಕಳಿಸಿ ಅಂತ ಕೇಳುಗರಿಗೆ ಹೇಳಿದರು. ಹಳೇ ಬಾಸ್ಟನ್ ಟೀ ಪಾರ್ಟಿ ನೆನಪಿಗೆ. ವಾಷಿಂಗ್ಟನ್ನಿಗೆ ರಾಶಿ ರಾಶಿ ಟೀ ಬ್ಯಾಗ್ ಹೋಯಿತು, ಪ್ರಸ್ತಾಪ ಬಿದ್ದುಹೋಯಿತು. ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಕೂಡ ಇದರಲ್ಲಿದ್ದರು. ಎಡ, ಬಲ ಅಂತ ಇರಲಿಲ್ಲ, ಊರೂರಿನ ಸಿಟ್ಟು ಅದು. ಕ್ರಮೇಣ ಇಂಥ ನಿರೂಪಕರ ಜಾಗಕ್ಕೆ ಉಪಗ್ರಹದ ಒಂದೇ ಧ್ವನಿ ಬಂತು.

ಮುಂದಿನದು ವೇಗವಾಗಿ ಹೋಯಿತು. ಊಟದ ಹೊತ್ತಿಗೆ ಲಿಂಬಾ ಕೇಳೋಕೆ ಕೆಲವು ಹೋಟೆಲಿನವರು 'ರಶ್ ರೂಮ್' ಅಂತ ಬೇರೆ ಕೋಣೆಯನ್ನೇ ಮಾಡಿದರು. 1992ರಲ್ಲಿ ಅಧ್ಯಕ್ಷ ಬುಷ್ ಅವರನ್ನ ಶ್ವೇತಭವನಕ್ಕೆ ಕರೆದು ಉಳಿಸ್ಕೊಂಡರು. 1994ರಲ್ಲಿ 40 ವರ್ಷದ ನಂತರ ರಿಪಬ್ಲಿಕನ್ನರು ಕೆಳಮನೆ ಗೆದ್ದಾಗ ಹೊಸ ಸದಸ್ಯರು ಅವರಿಗೆ ಗೌರವ ಸದಸ್ಯತ್ವ ಕೊಟ್ಟರು. ಅಷ್ಟು ಹೊತ್ತಿಗೆ 600ಕ್ಕೂ ಹೆಚ್ಚು ಸ್ಟೇಷನ್. 1996ರವರೆಗೆ ಒಂದು ಕಂಪನಿ ದೇಶದಲ್ಲಿ 20 ಎಎಂ, 20 ಎಫ್‌ಎಂ ಸ್ಟೇಷನ್ನಿಗಿಂತ ಹೆಚ್ಚು ಇಟ್ಕೊಳ್ಳೋ ಹಾಗಿರಲಿಲ್ಲ. ಆ ವರ್ಷದ ಟೆಲಿಕಾಂ ಕಾಯ್ದೆ ಆ ಮಿತಿ ತೆಗೆದ ಮೇಲೆ ಕ್ಲಿಯರ್ ಚಾನೆಲ್ ಅನ್ನೋ ಒಂದೇ ಕಂಪನಿ ಸುಮಾರು 1,200 ಸ್ಟೇಷನ್ ಕೊಂಡಿತು. ಲಿಂಬಾ ಕಾರ್ಯಕ್ರಮ ಹಂಚೋ ಸಂಸ್ಥೆಯೂ ಅದರದ್ದೇ ಆಯಿತು. 2008ರಲ್ಲಿ 8 ವರ್ಷಕ್ಕೆ 40 ಕೋಟಿ ಡಾಲರ್ ಒಪ್ಪಂದ. ಉದಾರವಾದಿಗಳು 2004ರಲ್ಲಿ ಏರ್ ಅಮೆರಿಕ ಅಂತ ಶುರು ಮಾಡಿದರು, 2010ರಲ್ಲಿ ಬಾಗಿಲು ಹಾಕಿದರು.

2009ರಲ್ಲಿ ಇನ್ನೊಂದು ನಡೀತು. ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಮೈಕಲ್ ಸ್ಟೀಲ್ ಟಿವಿಯಲ್ಲಿ, ಲಿಂಬಾ ಒಬ್ಬ ಮನರಂಜಕ ಅಷ್ಟೇ ಅನ್ನೋ ಅರ್ಥದಲ್ಲಿ ಮಾತಾಡಿದರು. ಎರಡೇ ದಿನದಲ್ಲಿ ಕ್ಷಮೆ ಕೇಳಿದರು. ಪಕ್ಷದ ಅಧ್ಯಕ್ಷ, ರೇಡಿಯೋ ನಿರೂಪಕನ ಹತ್ರ! ಆದರೆ ದುಡ್ಡಿನ ಹಗ್ಗ ಎರಡೂ ಕಡೆ ಎಳೆಯುತ್ತೆ. 2012ರಲ್ಲಿ ಒಬ್ಬ ಕಾನೂನು ವಿದ್ಯಾರ್ಥಿನಿಯನ್ನ ಕೀಳಾಗಿ ಬೈದಾಗ ಹತ್ತಾರು ಜಾಹೀರಾತುದಾರರು ಎದ್ದು ಹೋದರು, ಆಗ ಲಿಂಬಾ ಕೂಡ ಕ್ಷಮೆ ಕೇಳಬೇಕಾಯಿತು. 2021ರ ಫೆಬ್ರುವರಿಯಲ್ಲಿ ತೀರಿಕೊಂಡರು. ಆ ಜಾಗಕ್ಕೆ ಬಂದ ಇಬ್ಬರಲ್ಲಿ ಒಬ್ಬರಾದ ಕ್ಲೇ ಟ್ರಾವಿಸ್ ಕ್ರೀಡಾ ರೇಡಿಯೋದಿಂದ ಬಂದವರು. ಮೊದಲು ಡಿಜೆ, ಈಗ ಸ್ಪೋರ್ಟ್ಸ್.

ಇಷ್ಟೆಲ್ಲದರಲ್ಲಿ ನನ್ನನ್ನ ಹೆಚ್ಚು ಕಾಡಿದ್ದು ಫೋನ್ ಎತ್ತೋ ಆ ಕೆಲಸ. ಕರೆಗಳನ್ನ ಸೋಸೋ ಒಬ್ಬರು ಒಳಗೆ ಕೂತಿರ್ತಾರೆ. ಬ್ಯಾರಿ ಗ್ರೇ ರಿಸೀವರ್ ಹಿಡಿದಾಗ ಆ ಕಡೆಯಿಂದ ಏನು ಬರುತ್ತೋ ಅವರಿಗೇ ಗೊತ್ತಿರಲಿಲ್ಲ. ಹೊಸ ರೇಡಿಯೋದಲ್ಲಿ ಕರೆ ಮಾಡಿದವರ ಕೆಲಸ ನಿರೂಪಕ ಚೆನ್ನಾಗಿ ಕಾಣೋ ಹಾಗೆ ಮಾಡೋದು. ಬೋರಾದ ಕರೆ ಬೇಡ, ತಡವರಿಸೋರು ಬೇಡ.

ನಮ್ಮಲ್ಲಿ ಈ ಕಥೆ ರೇಡಿಯೋದಲ್ಲಿ ನಡೀಲೇ ಇಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ರೇಡಿಯೋ ಸಿಟಿ ಬಂದಾಗಲೂ, ಆಮೇಲೆ ಬಂದ ಎಫ್‌ಎಂಗಳಿಗೂ ಸರ್ಕಾರ ಸ್ವಂತ ಸುದ್ದಿ ಓದೋಕೆ ಬಿಡಲಿಲ್ಲ. ಹಾಗಾಗಿ ನಮ್ಮ ಆರ್‌ಜೆಗಳು ಟ್ರಾಫಿಕ್, ಸಿನಿಮಾ, ರಸ್ತೆ ಗುಂಡಿ ಅಂತ ಇದ್ದರು. ರಾಜಕೀಯದ ಮಾತು ಬಂದಿದ್ದು ಫೋನಿಗೆ, ನಾವು ಪಾಡ್‌ಕಾಸ್ಟ್, ಯೂಟ್ಯೂಬ್ ಮಾಡೋರ ಮೂಲಕ. ನಮಗೆ ಲೈಸೆನ್ಸ್ ಬೇಡ, ಟವರ್ ಬೇಡ, 1949ರದ್ದು ಬಿಡಿ ಯಾವ ಡಾಕ್ಟ್ರಿನ್ನೂ ಇಲ್ಲ. ಸೋಸೋದೂ ನಾವೇ.

ಪಕ್ಷಾಂತರದ ಎಪಿಸೋಡಿಗೆ ಮುಂಚೆ ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಕೇಳಿದ್ದೆ, ನೆನಪಿದೆಯಾ? ಶಿವಮೊಗ್ಗ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಳಿಸಿದ್ದರು. "ತಮ್ಮಾ, ನೀನು ಹಾಕಿರೋ ಪ್ರೋಮೋ ಕೇಳ್ದೆ, ಒಂದು ಪಾರ್ಟಿಯವರು ಹಾರಿದ್ದಷ್ಟೇ ಹೇಳ್ತಿದ್ದೀಯಲ್ಲ" ಅಂತ ಶುರು ಮಾಡಿ, ಬೇರೆಯವರು ಹಾರಿದ್ದನ್ನ ಒಂದೊಂದಾಗಿ ನೆನಪಿಸ್ಕೊಂಡು ಹೇಳಿದ್ದರು. ಮಧ್ಯೆ ಕೆಮ್ಮು, ಹಿಂದೆ ಕುಕ್ಕರ್ ವಿಷಲ್. ನಾನು ಅದನ್ನ ಹಾಕಲಿಲ್ಲ. ಎಪಿಸೋಡ್ ಓಟ ಕೆಡುತ್ತೆ ಅಂತ ಎಡಿಟಿಂಗ್‌ನಲ್ಲಿ ತೆಗೆದೆ. ಆ ಎಪಿಸೋಡೇ ನಾಲ್ಕು ಪಟ್ಟು ಓಡಿದ್ದು.

ಜಾಹೀರಾತಿನ ಗೆಳೆಯನಿಗೆ ಉತ್ತರ ಇನ್ನೂ ಕೊಟ್ಟಿಲ್ಲ. ಅವನ ಎರಡು ಮಿಸ್ಡ್ ಕಾಲ್ ಇವೆ. ಮುಂದಿನ ವಾರ ಹಂಚಿನ ಕಥೆಯ ಎರಡನೇ ಭಾಗ. ಈಗ ಮೇಷ್ಟ್ರ ವಾಯ್ಸ್ ನೋಟ್ ಹಾಕ್ತಿದ್ದೀನಿ, ಅವರ ಒಪ್ಪಿಗೆ ತಗೊಂಡಿದ್ದೀನಿ. ಎರಡು ನಿಮಿಷ ನಲವತ್ತು ಸೆಕೆಂಡ್. ಕುಕ್ಕರ್ ವಿಷಲ್ ಕೂಡ ಹಾಗೇ ಇದೆ.