ಪ್ರತಿಕಾಯಗಳ ವೈವಿಧ್ಯ: ಜೀನ್ ತುಣುಕುಗಳ ಮರುಜೋಡಣೆ

ಮುಂಡರಗಿಯಲ್ಲಿ ಹುಟ್ಟಲಿ, ಲಕ್ಷ್ಮೇಶ್ವರದಲ್ಲಿ ಹುಟ್ಟಲಿ, ಕೂಸಿಗೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆ ಹಾಕುತ್ತಾರೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಅದೊಂದೇ ಸೂಜಿ. ಆದರೆ ಪ್ರತಿಯೊಂದಕ್ಕೂ ಮೈಯಲ್ಲಿ ಬೇರೆಯದೇ ಪ್ರತಿಕಾಯ ಬೇಕು. ನಮ್ಮಲ್ಲಿ ಪ್ರೋಟೀನು ತಯಾರಿಸುವ ಜೀನುಗಳೇ ಸುಮಾರು 20,000. ಎದುರಾಗುವ ರೋಗಾಣುಗಳಿಗೋ ಲೆಕ್ಕವಿಲ್ಲ.

ಬಾಸೆಲ್‌ನ ಪ್ರಯೋಗ

1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸುಸುಮು ತೊನೆಗಾವ ಮತ್ತು ನೊಬುಮಿಚಿ ಹೊಜುಮಿ, ಇಷ್ಟೇ ಜೀನುಗಳಿಂದ ಅಷ್ಟೊಂದು ಬಗೆಯ ಪ್ರತಿಕಾಯ ಹೇಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟರು. ಇಲಿಯ ಭ್ರೂಣದಲ್ಲಿ ದೂರ ದೂರವಿದ್ದ ಡಿಎನ್‌ಎ ತುಣುಕುಗಳು ಪ್ರತಿಕಾಯ ತಯಾರಿಸುವ ಕೋಶದಲ್ಲಿ ಒಂದೆಡೆ ಸೇರಿದ್ದವು. 1987ರಲ್ಲಿ ತೊನೆಗಾವ ಅವರಿಗೆ ನೊಬೆಲ್ ಬಂತು.

ಕತ್ತರಿಸಿ ಕೂಡಿಸುವ ಬಗೆ

ಪ್ರತಿಕಾಯ ತಯಾರಿಸುವ ಕೋಶವೇ ಬಿ ಕೋಶ. ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗ ಅದು, ಮನುಷ್ಯರ 14ನೇ ವರ್ಣತಂತುವಿನಲ್ಲಿರುವ ಸುಮಾರು 40 ವಿ, 23 ಡಿ ಮತ್ತು 6 ಜೆ ತುಣುಕುಗಳಿಂದ ಒಂದೊಂದನ್ನು ಆರಿಸಿಕೊಳ್ಳುತ್ತದೆ. ಮೊದಲು ಡಿ–ಜೆ ಕೂಡುತ್ತವೆ, ಆಮೇಲೆ ವಿ. ಗದಗಿನ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸಿದವರಿಗೆ ಈ ಲೆಕ್ಕ ಹೊಸದಲ್ಲ: ಮೊಳೆ ಕೆಲವೇ, ಕಟ್ಟಬಹುದಾದ ಪದಗಳು ಅಪಾರ. ಆದರೆ ಮೊಳೆ ಮತ್ತೆ ಖಾನೆಗೆ ಮರಳುತ್ತದೆ. ಇಲ್ಲಿ ನಡುವಿನಿಂದ ಕತ್ತರಿಸಿದ ಡಿಎನ್‌ಎ ಆ ಕೋಶಕ್ಕೆ ಮತ್ತೆ ದಕ್ಕುವುದಿಲ್ಲ.

ಪ್ರತಿಕಾಯದಲ್ಲಿ ಭಾರದ ಮತ್ತು ಹಗುರ ಎಂಬ ಎರಡು ಬಗೆಯ ಸರಪಳಿಗಳಿವೆ. ಮೇಲಿನ ತುಣುಕುಗಳಿಂದ ಭಾರದ ಸರಪಳಿಗೇ 5,520 ಜೋಡಣೆಗಳಾದವು. ಹಗುರ ಸರಪಳಿಯ ಮುನ್ನೂರು ಚಿಲ್ಲರೆ ಬಗೆಗಳಿಂದ ಗುಣಿಸಿದರೆ ಹದಿನೇಳು ಲಕ್ಷ ದಾಟುತ್ತದೆ.

ಕತ್ತರಿ ಹಿಡಿಯುವವು ರ‍್ಯಾಗ್-1, ರ‍್ಯಾಗ್-2 ಪ್ರೋಟೀನುಗಳು. ಪ್ರತಿ ತುಣುಕಿನ ಪಕ್ಕ ಡಿಎನ್‌ಎಯ 7 ಅಕ್ಷರದ ಒಂದು ಗುರುತು, 9 ಅಕ್ಷರದ ಇನ್ನೊಂದು; ನಡುವಿನ ಅಂತರ 12 ಇಲ್ಲವೇ 23 ಅಕ್ಷರ. 12ರದು 23ರದರ ಜೊತೆಗೆ ಮಾತ್ರ ಕೂಡೀತು. ಭಾರದ ಸರಪಳಿಯಲ್ಲಿ ವಿ, ಜೆ ಎರಡಕ್ಕೂ 23, ಡಿಯ ಎರಡೂ ಬದಿಗೆ 12. ಹಾಗಾಗಿ ಡಿ ಬಿಟ್ಟು ವಿ ನೇರವಾಗಿ ಜೆಗೆ ಅಂಟುವಂತಿಲ್ಲ. ಇಷ್ಟು ಕಟ್ಟುನಿಟ್ಟಿನ ವ್ಯವಸ್ಥೆ ಬೆಸುಗೆಯ ಜಾಗದಲ್ಲಿ ಮಾತ್ರ ಸಡಿಲ ಬಿಡುತ್ತದೆ. ಟಿಡಿಟಿ ಎಂಬ ಕಿಣ್ವ ಅಲ್ಲಿ ತಂದೆ-ತಾಯಿಯಿಂದ ಬಾರದ ಅಕ್ಷರಗಳನ್ನು ತುರುಕುತ್ತದೆ. ಸಂಕೇತವನ್ನು ಮೂರು ಮೂರು ಅಕ್ಷರವಾಗಿ ಓದುವುದರಿಂದ ಮೂರರಲ್ಲಿ ಎರಡು ಬೆಸುಗೆಗಳು ದಂಡ. ಆ ನಷ್ಟಕ್ಕೆ ಸಿಗುವ ಫಲ ಮಾತ್ರ ದೊಡ್ಡದು: ಹದಿನೇಳು ಲಕ್ಷದ ವೈವಿಧ್ಯ ಸಾವಿರಾರು ಕೋಟಿಗೆ ಏರುತ್ತದೆ.

ಕತ್ತರಿ ತಪ್ಪಿದಾಗ

ಡಿಎನ್‌ಎ ತುಂಡರಿಸುವುದೆಂದರೆ ಅಪಾಯವೇ. 14ನೇ ವರ್ಣತಂತುವಿನ ತುಂಡು 18ನೆಯದರ ಬಿಸಿಎಲ್-2 ಜೀನಿಗೆ ಅಂಟಿಕೊಂಡರೆ ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆ ಜೀನಿನ ವಿಚಿತ್ರ ಮಡಿಕೆಯನ್ನು ರ‍್ಯಾಗ್ ಕತ್ತರಿಸಬಲ್ಲದೆಂದು 2004ರಲ್ಲಿ ತೋರಿಸಿದ ಅಮೆರಿಕದ ತಂಡದಲ್ಲಿದ್ದ ಸತೀಸ್ ಸಿ. ರಾಘವನ್, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಇದೇ ಅಧ್ಯಯನ ಮುಂದುವರಿಸಿದರು.

ರ‍್ಯಾಗ್ ಕೆಲಸವನ್ನೇ ಮಾಡದಿದ್ದರೆ ಬಿ ಕೋಶಗಳೂ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳೂ ಬೆಳೆಯವು. ಈ ದೋಷ ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಕೂಸಿಗೆ ಕಾಯಿಲೆ; ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ಮನೆತನಗಳಲ್ಲಿ ಆ ಸಂಭವ ಹೆಚ್ಚು. ಅಂಥ ಕೂಸಿಗೆ ಬಿಸಿಜಿಯಂಥ ಜೀವಂತ ಲಸಿಕೆಯೂ ಕುತ್ತು. ಮನೆಯಲ್ಲಿ ಹಿಂದೆ ಎಳೆಗೂಸು ಮೇಲಿಂದ ಮೇಲೆ ಸೋಂಕಾಗಿ ತೀರಿಕೊಂಡಿದ್ದರೆ, ಮುಂದಿನ ಹೆರಿಗೆಗೆ ಮುಂಚೆಯೇ ವೈದ್ಯರಿಗೆ ಹೇಳಿಬಿಡಿ.